ಬರೀ ಬೆನ್ನುಗಳೇ ಇರೋ ನೆಗೆಟಿವ್‌ಗಳು: ಪೋಲೆಂಡ್ ಹೋರಾಟದ ಫೋಟೋಗಳ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ

ಓಡ್ರಾದಂಡೆ

ಎಲ್ಲರಿಗೂ ನಮಸ್ಕಾರ. ನಾನು ನಾಲ್ಕು ವರ್ಷದಿಂದ ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ಕೆಲಸಕ್ಕಿದ್ದೀನಿ. ನಾವಿರೋ ಮನೆಯ ಕೆಳಗಡೆ ಓನರ್ ಅಜ್ಜಿ ಒಬ್ಬರೇ ಇರ್ತಾರೆ, ಎಂಬತ್ತು ದಾಟಿದೆ. ಇಲ್ಲಿ ಅಜ್ಜಿಗೆ 'ಬಾಬ್ಚಾ' ಅಂತಾರೆ, ನಾವೂ ಹಾಗೇ ಕರೀತೀವಿ. ಹೋದ ಶನಿವಾರ ನೆಲಮಾಳಿಗೆ ಕ್ಲೀನ್ ಮಾಡೋಕೆ ಸ್ವಲ್ಪ ಬಾ ಅಂದ್ರು, ಹೋಗಿದ್ದೆ. ಸೌತೆಕಾಯಿ ಉಪ್ಪಿನಕಾಯಿ ಜಾಡಿಗಳ ಹಿಂದೆ ಒಂದು ತಗಡಿನ ಡಬ್ಬಿ ಸಿಕ್ತು. ಒಳಗೆ ಬೆಣ್ಣೆ ಕಾಗದದಲ್ಲಿ ಸುತ್ತಿಟ್ಟ ನೆಗೆಟಿವ್ ಪಟ್ಟಿಗಳು. ಒಂದೊಂದರಲ್ಲಿ ಆರು ಫ್ರೇಮು, ಒಟ್ಟು ಒಂಬತ್ತು ಪಟ್ಟಿ. ಜೊತೆಗೆ ಅಂಗೈಯಗಲದ ನಾಲ್ಕು ಪ್ರಿಂಟು.

"ನಮ್ಮ ಯಜಮಾನರು ತೆಗೆದದ್ದು, 82ರಲ್ಲಿ" ಅಂದು ಡಬ್ಬಿ ನನ್ನ ಕೈಗಿಟ್ಟು ಮೆಟ್ಟಿಲು ಹತ್ತಿ ಹೋಗಿಬಿಟ್ರು. ಯಜಮಾನರು ತೀರಿಕೊಂಡು ತುಂಬ ವರ್ಷ ಆಗಿದೆ. ಅವತ್ತು ಇನ್ನೇನೂ ಕೇಳೋಕೆ ನನಗೆ ಮನಸ್ಸು ಬರಲಿಲ್ಲ.

ಮೊಬೈಲ್ ಪರದೆ ಬೆಳ್ಳಗೆ ಮಾಡಿ ಪಟ್ಟಿಗಳನ್ನ ಅದರ ಮೇಲಿಟ್ಟು ನೋಡಿದೆ. ರಸ್ತೆ ತುಂಬ ಜನ. ಆದ್ರೆ ಎಲ್ಲರ ಬೆನ್ನು ಮಾತ್ರ. ಕೋಟು, ಟೋಪಿ, ಮೇಲೆತ್ತಿದ ಕೈ, ಎರಡು ಬೆರಳಿನ ವಿ ಗುರುತು, ದೂರದಲ್ಲಿ ಹೊಗೆ. ಹೆಲ್ಮೆಟ್ ಹಾಕಿದ ಪೊಲೀಸರ ಸಾಲು ಮಾತ್ರ ಎದುರಿನಿಂದ ಇದೆ. ಪ್ರಿಂಟುಗಳ ಹಿಂದೆ ಹೆಸರಿಲ್ಲ, ತಾರೀಖಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಬೇಕಂತಲೇ ಮುಖ ಬಿಟ್ಟು ತೆಗೆದ್ರಾ, ಇಲ್ಲಾ ಗುಂಪಿನ ಹಿಂದೆ ನಿಂತಿದ್ರಿಂದ ಹಾಗೆ ಬಂತಾ? ಆಗಿನ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ನಡೆದ ಹೋರಾಟದ ಫೋಟೋಗಳ ಬಗ್ಗೆ ಯಾರಿಗಾದ್ರೂ ಗೊತ್ತಾ?

ಕಡಲತಡಿ

ಮಾರಾಯ್ರೆ, ಮೊದಲು ಆ ನೆಗೆಟಿವನ್ನು ಮೊಬೈಲ್ ಮೇಲಿಂದ ತೆಗೀರಿ. ಗೀರು ಬಿದ್ರೆ ಹೋಯ್ತು. ಅಂಚು ಹಿಡಿದು ಕಿಟಕಿ ಬೆಳಕಿಗೆ ನೋಡಿ, ಸಾಕು.

ಹಳೇಸ್ಟುಡಿಯೋ

ನಾನು ಶಿವಮೊಗ್ಗದ ಕಡೆ ಮೂವತ್ತೈದು ವರ್ಷ ಸ್ಟುಡಿಯೋ ನಡೆಸಿದವನು. ಒಂದು ಕೆಲಸ ಮಾಡಿ. ಪಟ್ಟಿಯ ಅಂಚಿನಲ್ಲಿ, ತೂತುಗಳ ಪಕ್ಕ, ಸಣ್ಣ ಅಕ್ಷರ ಇರುತ್ತೆ. ಏನಿದೆ ನೋಡಿ ಹೇಳಿ.

ಓಡ್ರಾದಂಡೆ

ಸರ್, ಓರ್ವೋ ಅಂತಿದೆ. ಪಕ್ಕದಲ್ಲಿ ಎನ್‌ಪಿ 20. ಎರಡು ಪಟ್ಟಿಯಲ್ಲಿ ಮಾತ್ರ ಫೋಟೋನ್ ಅಂತಿದೆ.

ಹಳೇಸ್ಟುಡಿಯೋ

ಓರ್ವೋ ಅಂದ್ರೆ ಪೂರ್ವ ಜರ್ಮನಿಯ ಫಿಲಂ. ನಿಮಗೆ ಆಶ್ಚರ್ಯ ಆಗಬಹುದು, ಅದೇ ರೋಲಿನಲ್ಲಿ ನಾನು ಇಲ್ಲಿ ಮದುವೆ ತೆಗೀತಿದ್ದೆ. ಆಗ ನಮ್ಮ ಕಡೆ ಸ್ಟುಡಿಯೋದವರಿಗೆ ಸಿಗ್ತಿದ್ದದ್ದು ಊಟಿಯ ಇಂದು ಫಿಲಂ, ಇಲ್ಲಾಂದ್ರೆ ಓರ್ವೋ. ನಾನು ಧಾರೆ ಎರೆಯೋದನ್ನ ತೆಗೆದ ಫಿಲಂನಲ್ಲೇ ಅಲ್ಲೊಬ್ಬರು ಅಶ್ರುವಾಯು ಮಧ್ಯೆ ನಿಂತು ಇದನ್ನ ತೆಗೆದಿದ್ದಾರೆ ಅಂದ್ರೆ ಮೈ ಜುಮ್ಮೆನ್ನುತ್ತೆ.

ಎನ್‌ಪಿ 20 ಅಷ್ಟು ಫಾಸ್ಟ್ ಫಿಲಂ ಅಲ್ಲ. ಒಳ್ಳೆ ಬಿಸಿಲಿದ್ರೆ ಚೆನ್ನಾಗಿ ಬರುತ್ತೆ. ಮೋಡ ಇದ್ರೆ, ಇಲ್ಲಾ ಓಡ್ತಾ ತೆಗೆದ್ರೆ ಅಲ್ಲಾಡಿಬಿಡುತ್ತೆ. ನಿಮ್ಮ ಫ್ರೇಮುಗಳು ಅಲ್ಲಾಡಿಲ್ಲ ಅಂದ್ರೆ ಆ ಮನುಷ್ಯ ನಿಂತು, ಉಸಿರು ಹಿಡಿದು ತೆಗೆದಿದ್ದಾರೆ. ಗಾಬರಿಯಲ್ಲಿ ಹಿಂದೆ ಸಿಕ್ಕಿಹಾಕಿಕೊಂಡು ಒತ್ತಿದ್ದಲ್ಲ ಅದು.

ಫೋಟೋನ್ ಅನ್ನೋದು ಪೋಲೆಂಡಿನದೇ, ಬಿದ್ಗೋಷ್ಚ್ ಅನ್ನೋ ಊರಿನ ಕಾರ್ಖಾನೆದು.

ಚರಿತ್ರೆಮೇಡಂ

ಬೇಕಂತಲೇ ಬಿಟ್ಟಿದ್ದು. ನನಗಂತೂ ಅನುಮಾನ ಇಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

1956ರ ಜೂನ್ 28ರಂದು ಪೊಜ್ನಾನ್ ಊರಿನ ಚೆಗೆಲ್ಸ್ಕಿ ಕಾರ್ಖಾನೆಯ ಕಾರ್ಮಿಕರು "ಬ್ರೆಡ್ ಬೇಕು" ಅಂತ ಬರೆದ ಬಟ್ಟೆ ಹಿಡಿದು ಬೀದಿಗೆ ಬಂದ್ರು. ಆಗ ಆ ಕಾರ್ಖಾನೆಗೆ ಸ್ಟಾಲಿನ್ ಹೆಸರಿಟ್ಟಿದ್ರು. ಸೈನ್ಯ, ಟ್ಯಾಂಕ್ ಎಲ್ಲ ಬಂತು. 50ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ರೊಮೆಕ್ ಸ್ತ್ಷಾವ್ಕೊಫ್ಸ್ಕಿ ಅನ್ನೋ 13 ವರ್ಷದ ಹುಡುಗನೂ ಒಬ್ಬ. ಅದೇ ವಾರ ಊರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಮೇಳ ನಡೀತಿತ್ತು, ಹೊರದೇಶದವರು ತುಂಬಿದ್ರು. ಸುದ್ದಿಯನ್ನ ಮುಚ್ಚಿಹಾಕೋಕೆ ಆಗದೇ ಇರೋದಕ್ಕೆ ಅದೂ ಒಂದು ಕಾರಣ. ಆದ್ರೆ ಅದೇ ದಿನದ ಫೋಟೋಗಳು ಗುಪ್ತ ಪೊಲೀಸರ ಕೈಗೂ ಹೋದವು. ಯಾರು ಯಾರು ಇದ್ರು ಅಂತ ಒಂದೊಂದೇ ಮುಖ ಗುರುತಿಸ್ತಾ ಹೋದ್ರು.

1976ರ ಜೂನ್ 25, ರಾದೊಮ್ ಊರು. ಊಟದ ಸಾಮಾನಿನ ಬೆಲೆ ಏರಿಸಿದ್ದಕ್ಕೆ ಜನ ರೊಚ್ಚಿಗೆದ್ದು ಪಕ್ಷದ ಕಚೇರಿಗೆ ಬೆಂಕಿ ಹಚ್ಚಿದ್ರು. ಅಲ್ಲೂ ಗುಪ್ತ ಪೊಲೀಸರು ಮರೆಯಲ್ಲಿ ನಿಂತು ಫೋಟೋ ತೆಗೆದಿದ್ರು. ಆಮೇಲೆ ಆ ಫೋಟೋ ಇಟ್ಟುಕೊಂಡೇ ಜನರನ್ನ ಹಿಡಿದ್ರು. ಹಿಡಿದವರನ್ನ ಎರಡು ಸಾಲು ಪೊಲೀಸರ ಮಧ್ಯೆ ಓಡಿಸಿ ಲಾಠಿಯಲ್ಲಿ ಬಡೀತಿದ್ರು. ಅದಕ್ಕೆ ಅವರಿಟ್ಟ ಹೆಸರು 'ಆರೋಗ್ಯದ ಹಾದಿ'.

ಇದನ್ನೆಲ್ಲ ಕಂಡ ದೇಶದಲ್ಲಿ 82ರಲ್ಲಿ ಕ್ಯಾಮೆರಾ ಹಿಡಿದವರು ಪಕ್ಕದವನ ಮುಖ ತೆಗೀತಾರಾ? ಫಿಲಂ ಸಿಕ್ಕಿಬಿದ್ರೆ ಅದೇ ಹೆಸರುಪಟ್ಟಿ. ಹಿಂದೆ ಬರೆದಿಲ್ಲ ಅನ್ನೋದೂ ಅದಕ್ಕೇ.

ಹುಬ್ಬಳ್ಳಿಹೈದ

ಮೇಡಂ, ಎಷ್ಟು ಚಲೋ ಬರದೀರಿ. ಆರೋಗ್ಯದ ಹಾದಿ ಅಂತ ಹೆಸರಿಟ್ಟಿದ್ದು ಓದಿ ಹೊಟ್ಟಿ ಉರೀತು.

ನೇರನುಡಿ

ಮೇಡಂ, ನಿಮ್ಮ ಮಾತಿನಲ್ಲಿ ಅರ್ಧ ಒಪ್ತೀನಿ, ಅರ್ಧ ಒಪ್ಪಲ್ಲ. ಪೋಲೆಂಡಿನ ಹೋರಾಟದ ಫೋಟೋ ಅಂದ ತಕ್ಷಣ ಜಗತ್ತಿಗೆ ನೆನಪಾಗೋದೇ ಮುಖ. ಕಾರ್ಮಿಕ ನಾಯಕ ಲೆಕ್ ವಲೇಸಾರ ಮೀಸೆ, ಹಡಗುಕಟ್ಟೆಯ ಗೇಟಿನ ಮೇಲೆ ಕೂತ ಕಾರ್ಮಿಕರು, ಗೇಟಿನ ಆಚೆ ಹೆಂಡತಿ ಮಕ್ಕಳು ನಿಂತು ಬುತ್ತಿ ಕೊಡೋದು. 1980ರ ಗ್ಡಾನ್ಸ್ಕ್ ಫೋಟೋಗಳಲ್ಲಿ ಯಾರೂ ಮುಖ ಮುಚ್ಚಿಕೊಂಡಿಲ್ಲ. ಹಾಗಾಗಿ ಎಲ್ಲ ಫೋಟೋಗಾರರೂ ಹೆದರಿ ಬೆನ್ನೇ ತೆಗೀತಿದ್ರು ಅನ್ನೋ ಹಾಗೆ ಹೇಳೋದು ಸರಿಯಲ್ಲ.

ಗ್ಡಾನ್ಸ್ಕ್‌ವಾಸಿ

ಸಣ್ಣ ತಿದ್ದುಪಡಿ. ನಮ್ಮ ಪೇಪರುಗಳಲ್ಲಿ ಆಗಿನಿಂದ ವಲೇಸಾ ಅಂತಲೇ ಬಂದಿದೆ, ಇಲ್ಲಿ ಹಾಗಂದ್ರೆ ಯಾರಿಗೂ ಗೊತ್ತಾಗಲ್ಲ. ಇವರ ಬಾಯಲ್ಲಿ ಅದು ವವೆನ್ಸಾ.

ಇನ್ನು ವಿಷಯಕ್ಕೆ ಬರ್ತೀನಿ. ನೀವಿಬ್ಬರೂ ಹೇಳ್ತಿರೋದು ಸರಿ, ಬೇರೆ ಬೇರೆ ವರ್ಷದ ಮಾತು ಅಷ್ಟೇ. 1980ರ ಆಗಸ್ಟ್ 14ಕ್ಕೆ ಇಲ್ಲಿನ ಲೆನಿನ್ ಹಡಗುಕಟ್ಟೆಯಲ್ಲಿ ಮುಷ್ಕರ ಶುರುವಾಯ್ತು. 31ಕ್ಕೆ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು. ವವೆನ್ಸಾ ಮೊಳದುದ್ದದ ಪೆನ್ನಲ್ಲಿ, ಪೋಪ್ ಎರಡನೇ ಜಾನ್ ಪಾಲರ ಚಿತ್ರ ಇರೋ ಪೆನ್ನಲ್ಲಿ ಸಹಿ ಹಾಕಿದ ಫೋಟೋ ನೋಡಿರ್ತೀರಿ. ಅಲ್ಲಿಂದ 1981ರ ಡಿಸೆಂಬರ್ 13ರವರೆಗೆ, ಹೆಚ್ಚೂಕಡಿಮೆ ಹದಿನಾರು ತಿಂಗಳು, ಮುಷ್ಕರದಿಂದ ಹುಟ್ಟಿದ ಸಾಲಿಡಾರಿಟಿ ಕಾನೂನುಬದ್ಧ ಕಾರ್ಮಿಕ ಸಂಘ. ಒಂದು ಕೋಟಿಯ ಹತ್ತಿರ ಸದಸ್ಯರು. ಆ ಹದಿನಾರು ತಿಂಗಳು ಜನ ಕ್ಯಾಮೆರಾ ಕಡೆ ನೇರ ನೋಡಿದ್ರು. ಅದಕ್ಕೆ ಮುಂಚೆ ಬೆನ್ನು, ಆಮೇಲೆ ಮತ್ತೆ ಬೆನ್ನು.

ಡಿಸೆಂಬರ್ 13ರ ಬೆಳಿಗ್ಗೆ ಆಗ ದೇಶ ಆಳ್ತಿದ್ದ ಜನರಲ್ ಯಾರುಜೆಲ್ಸ್ಕಿ ಟೀವಿಯಲ್ಲಿ ಬಂದು ಮಾರ್ಷಲ್ ಲಾ, ಅಂದ್ರೆ ಸೈನ್ಯದ ಆಡಳಿತ ಅಂದ. ಫೋನ್ ಸತ್ತಿತ್ತು. ಮಾರ್ಷಲ್ ಲಾ ಮುಗಿಯೋದರೊಳಗೆ ಸುಮಾರು 10,000 ಜನರನ್ನ ವಿಚಾರಣೆಯೇ ಇಲ್ಲದೆ ಬಂಧನದಲ್ಲಿಟ್ಟರು. ಧೈರ್ಯವಾಗಿ ಮುಖ ತೋರಿಸಿ ತೆಗೆಸಿಕೊಂಡಿದ್ದ ಫೋಟೋಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಬಚ್ಚಿಡೋ ಹಾಗಾಯ್ತು.

ನೇರನುಡಿ

ಈ ವಿವರಣೆ ಒಪ್ಪಿದೆ. ವವೆನ್ಸಾ ಅಂತಲೇ ಬರೀತೀನಿ ಇನ್ನು.

ಮಾವಿನತೋಪು

ಚಿತ್ರಮಂದಿರದ ಮುಂದೆ ಟ್ಯಾಂಕ್ ನಿಂತಿರೋ ಫೋಟೋ ಅದೇ ಟೈಮಿನದಲ್ವಾ? ಅದೊಂದು ಫೋಟೋ ನನ್ನ ತಲೇಲಿ ಹಾಗೇ ಕೂತಿದೆ.

ಗ್ಡಾನ್ಸ್ಕ್‌ವಾಸಿ

ಹೌದು, 1981ರ ಡಿಸೆಂಬರ್ 14, ವಾರ್ಸಾದ ಮಾಸ್ಕ್ವಾ ಚಿತ್ರಮಂದಿರ. ಅದು ಟ್ಯಾಂಕ್ ಅಲ್ಲ, ಗಾಲಿ ಇರೋ ಸ್ಕಾಟ್ ಅನ್ನೋ ಸೈನ್ಯದ ಶಸ್ತ್ರಸಜ್ಜಿತ ವಾಹನ. ಹಿಂದೆ ಗೋಡೆ ಮೇಲೆ 'ಅಪಾಕಲಿಪ್ಸ್ ನೌ' ಸಿನಿಮಾದ ದೊಡ್ಡ ಬ್ಯಾನರ್. ಮೇಲೆ ಮಾಸ್ಕೋ ಹೆಸರು, ನಡುವೆ ಪ್ರಳಯದ ಹೆಸರು, ಕೆಳಗೆ ಹಿಮದಲ್ಲಿ ಸೈನಿಕರು. ತೆಗೆದವರು ಕ್ರಿಸ್ ನೀಡೆಂತಾಲ್. ಲಂಡನ್ನಿನಲ್ಲಿ ಹುಟ್ಟಿದ ಪೋಲಿಷ್ ಮನೆತನದವರು, 1973ರಿಂದ ಪೋಲೆಂಡಿನಲ್ಲೇ ಇದ್ದು ಆಗ ನ್ಯೂಸ್‌ವೀಕ್‌ಗೆ ಕೆಲಸ ಮಾಡ್ತಿದ್ರು.

ರಸ್ತೇಲಿ ನಿಂತು ತೆಗೆದ್ರೆ ಕ್ಯಾಮೆರಾನೂ ಹೋಗ್ತಿತ್ತು, ಇವರೂ ಹೋಗ್ತಿದ್ರು. ಎದುರಿನ ಕಟ್ಟಡದ ಮೆಟ್ಟಿಲ ಕಿಟಕಿಯಿಂದ ತೆಗೆದ್ರು. ತೆಗೆದದ್ದೇನೋ ಆಯ್ತು, ಕಳಿಸೋದು ಹೇಗೆ? ಫೋನಿಲ್ಲ, ಟೆಲೆಕ್ಸ್ ಇಲ್ಲ, ವಿಮಾನ ಇಲ್ಲ. ಪಶ್ಚಿಮ ಬರ್ಲಿನ್‌ಗೆ ರೈಲು ಹತ್ತುತ್ತಿದ್ದ ಒಬ್ಬ ಜರ್ಮನ್ ವಿದ್ಯಾರ್ಥಿ ಕೈಗೆ ಫಿಲಂ ಕೊಟ್ರು. ಪರಿಚಯವೇ ಇಲ್ಲದ ಹುಡುಗ. ಅವನು ತಲುಪಿಸಿದ.

ಮಾವಿನತೋಪು

ಆ ಹುಡುಗ ಗಡಿಯಲ್ಲಿ ಹೆದರಿ ಕಿಟಕಿಯಿಂದ ಎಸೆದಿದ್ರೆ ಇವತ್ತು ಆ ಫೋಟೋನೇ ಇರ್ತಿರಲಿಲ್ಲ!

ಹಳೇಸ್ಟುಡಿಯೋ

ಅದನ್ನೇ ನಾನು ಹೇಳಬೇಕು ಅಂತಿದ್ದೆ. ಫೋಟೋ ಅಂದ್ರೆ ಎಲ್ಲರೂ ಬಟನ್ ಒತ್ತಿದವರ ಹೆಸರು ಹೇಳ್ತಾರೆ. ಒತ್ತೋದು ಒಂದು ಕ್ಷಣದ ಕೆಲಸ. ಅದನ್ನ ತೊಳೀಬೇಕು, ಒಣಗಿಸಬೇಕು, ಪ್ರಿಂಟ್ ಹಾಕಬೇಕು, ಬಚ್ಚಿಡಬೇಕು. ಆ ಕಾಲದಲ್ಲಿ ಮನೆ ಬಚ್ಚಲೇ ಡಾರ್ಕ್‌ರೂಮು. ಬಾಗಿಲ ಸಂದಿಗೆ ಕಂಬಳಿ ತುರುಕಿ, ಕೆಂಪು ಬಲ್ಬ್ ಹಾಕಿ, ಟಬ್ಬಿನ ಮೇಲೆ ಹಲಗೆ ಇಟ್ಟು ಎನ್‌ಲಾರ್ಜರ್ ಕೂರಿಸಬೇಕು. ಡೆವಲಪರು, ಹೈಪೋ ಅನ್ನೋ ರಾಸಾಯನಿಕಗಳು, ಆಮೇಲೆ ನಲ್ಲಿ ನೀರಲ್ಲಿ ಗಂಟೆಗಟ್ಟಲೆ ತೊಳೆಯೋದು. ಹೈಪೋ ಸರಿಯಾಗಿ ಹೋಗದಿದ್ರೆ ಕೆಲವೇ ವರ್ಷದಲ್ಲಿ ಹಳದಿ ತಿರುಗಿ ಹಾಳಾಗುತ್ತೆ. ನಿಮ್ಮ ನೆಗೆಟಿವ್ ನಲವತ್ತು ವರ್ಷ ಆದ್ಮೇಲೂ ಚೆನ್ನಾಗಿದೆ ಅಂದ್ರೆ ಯಾರೋ ಶ್ರದ್ಧೆಯಿಂದ ತೊಳೆದಿದ್ದಾರೆ. ಬಚ್ಚಲಲ್ಲಿ ನೀರು ಸುರೀತಾನೇ ಇದ್ರೆ ಅಕ್ಕಪಕ್ಕದವರಿಗೆ ಅನುಮಾನ ಬರೋ ಕಾಲ ಅದು. ಆದ್ರೂ ತೊಳೆದಿದ್ದಾರೆ. ಅದು ಅಜ್ಜಿನೇ ಇರಬಹುದು, ಕೇಳಿ ನೋಡಿ.

ಮಲ್ಲಿಗೆಮೊಗ್ಗು

ಒಳ್ಳೆ ಮಾತು ಎತ್ತಿದ್ರಿ ಸರ್. ನನಗೆ ಈ ಫೋಟೋಗಳ ಮೇಲೆ ಇರೋ ದೊಡ್ಡ ತಕರಾರೇ ಅದು. ಮುಷ್ಕರ ಶುರುವಾಗಿದ್ದು ಯಾಕೆ? ಆನ್ನಾ ವಾಲೆಂತಿನೊವಿಚ್ ಅನ್ನೋ ಕ್ರೇನ್ ಆಪರೇಟರನ್ನ ಆಗಸ್ಟ್ 7ಕ್ಕೆ ಕೆಲಸದಿಂದ ತೆಗೆದದ್ದಕ್ಕೆ, ರಿಟೈರ್ ಆಗೋಕೆ ಬರೀ ಐದು ತಿಂಗಳಿತ್ತು ಅವರಿಗೆ. ಟ್ರಾಮ್ ನಿಲ್ಲಿಸಿ ಮುಷ್ಕರಕ್ಕೆ ಸೇರಿದ್ದು ಹೆನ್ರಿಕಾ ಕ್ಷಿವೊನೊಸ್. ಆಗಸ್ಟ್ 16ಕ್ಕೆ ಹಡಗುಕಟ್ಟೆಯ ಬೇಡಿಕೆ ಈಡೇರಿತು, ಮುಷ್ಕರ ಮುಗೀತು ಅಂತ ಜನ ಮನೆಗೆ ಹೊರಟಾಗ ಗೇಟಿಗೆ ಓಡಿಹೋಗಿ ತಡೆದದ್ದು ನರ್ಸ್ ಆಲಿನಾ ಪ್ಯೆನ್ಕೊಫ್ಸ್ಕಾ ಮತ್ತೆ ಇನ್ನೂ ಕೆಲವು ಹೆಂಗಸರು. ಅವರು ತಡೀದೇ ಇದ್ರೆ ಬೇರೆ ಕಾರ್ಖಾನೆಯವರ ಗತಿ ಏನಾಗ್ತಿತ್ತೋ. ಪ್ರಪಂಚ ನೋಡಿದ ಫೋಟೋಗಳಲ್ಲಿ ಯಾರಿದ್ದಾರೆ? ಸಹಿ ಹಾಕೋ ಮೇಜಿನ ಸುತ್ತ ಗಂಡಸರ ಗುಂಪು.

ನೇರನುಡಿ

ವಾಲೆಂತಿನೊವಿಚ್ ಅವರ ಫೋಟೋಗಳು ಬೇಕಾದಷ್ಟಿವೆ. ಫೋಟೋಗಾರರು ತೆಗೆದಿದ್ದಾರೆ. ಮುಖಪುಟಕ್ಕೆ ಯಾವುದನ್ನ ಆರಿಸಿದ್ರು ಅನ್ನೋದು ಸಂಪಾದಕರ ಕೆಲಸ. ತಪ್ಪನ್ನ ಕ್ಯಾಮೆರಾ ಮೇಲೆ ಹಾಕಬೇಡಿ.

ಮಲ್ಲಿಗೆಮೊಗ್ಗು

ಕ್ಯಾಮೆರಾ ಮೇಲೆ ಹಾಕ್ತಿಲ್ಲ. ಯಾವ ಫೋಟೋ ಉಳೀತು, ಯಾವುದು ಡಬ್ಬಿಯಲ್ಲೇ ಇತ್ತು ಅನ್ನೋದನ್ನ ಕೇಳ್ತಿದ್ದೀನಿ. ಅದೂ ಚರಿತ್ರೆನೇ ಅಲ್ವಾ?

ಚರಿತ್ರೆಮೇಡಂ

ಮಲ್ಲಿಗೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ಆನ್ನಾ ಬೆಯಾತಾ ಬೊಹ್‌ಜೆವಿಚ್ ಅವರ ಫೋಟೋ ದಿನಚರಿ ನೋಡಮ್ಮ. 1982ರಲ್ಲಿ, ಮಾರ್ಷಲ್ ಲಾ ಇರುವಾಗಲೇ ಶುರು ಮಾಡಿದ್ರು. ಒಂದು ಫೋಟೋ, ಕೆಳಗೆ ತಮ್ಮ ಕೈಬರಹದಲ್ಲೇ ಎರಡು ಸಾಲು. ಮೆರವಣಿಗೆಯಷ್ಟೇ ಅಲ್ಲ, ಮನೆ, ಬೀದಿ, ಅಂಗಡಿ, ಸ್ನೇಹಿತರು ಎಲ್ಲ ಇದೆ. ವರ್ಷಗಟ್ಟಲೆ ಬಿಡದೆ ಮಾಡಿದ್ರು. ಟೀವಿಯಲ್ಲಿ ಎಲ್ಲ ಸರಿಯಾಗಿದೆ ಅಂತ ದಿನಾ ಹೇಳ್ತಿದ್ದ ದೇಶದಲ್ಲಿ ಒಬ್ಬ ಹೆಂಗಸು ಕೂತು 'ಇವತ್ತು ನಾನು ಕಂಡದ್ದು ಇದು' ಅಂತ ಬರೆದಿಟ್ಟದ್ದು ದೊಡ್ಡ ಕೆಲಸ. ನನಗೆ ಆ ಶಸ್ತ್ರಸಜ್ಜಿತ ವಾಹನದ ಫೋಟೋಗಿಂತ ಇದೇ ಹೆಚ್ಚು.

ಕಡಲತಡಿ

ಟೀವಿ ಅಂದಾಗ ನೆನಪಾಯ್ತು. ಶ್ವಿದ್ನಿಕ್ ಅನ್ನೋ ಊರಲ್ಲಿ 1982ರ ಫೆಬ್ರವರಿಯಲ್ಲಿ ಸಂಜೆ 7:30ರ ಸರ್ಕಾರಿ ವಾರ್ತೆ ಶುರುವಾದ ತಕ್ಷಣ ಇಡೀ ಊರು ಮನೆಬಿಟ್ಟು ವಾಕಿಂಗ್ ಹೊರಡ್ತಿತ್ತಂತೆ. ಕೆಲವರು ಟೀವಿಯನ್ನ ರಸ್ತೆಗೆ ಮುಖ ಮಾಡಿ ಕಿಟಕಿಯಲ್ಲಿಟ್ಟು ಹೋಗ್ತಿದ್ರು. ಘೋಷಣೆ ಇಲ್ಲ, ಕಲ್ಲಿಲ್ಲ, ಬರೀ ನಡಿಗೆ. ಇದರ ಫೋಟೋ ತೆಗೆದ್ರೆ ಏನು ಕಾಣ್ತದೆ? ಚಳಿಯಲ್ಲಿ ಕೋಟು ಹಾಕಿ ನಡೆಯೋ ಜನ, ಅಷ್ಟೇ. ಏನು ನಡೀತಿದೆ ಅಂತ ಗೊತ್ತಿದ್ದವರಿಗೆ ಮಾತ್ರ ಅದು ಪ್ರತಿಭಟನೆ.

ಹುಬ್ಬಳ್ಳಿಹೈದ

ಅಬ್ಬಾ! ಇದು ಗೊತ್ತೇ ಇರಲಿಲ್ಲ ನೋಡ್ರಿ.

ಗ್ಡಾನ್ಸ್ಕ್‌ವಾಸಿ

ಅದೇ ಥರ ಕೋಟಿನ ಕಾಲರಿಗೆ ರೇಡಿಯೋದೊಳಗಿನ ಪುಟ್ಟ ರೆಸಿಸ್ಟರ್ ಚುಚ್ಚಿಕೊಳ್ತಿದ್ರು. ಸಾಲಿಡಾರಿಟಿ ಬ್ಯಾಡ್ಜ್ ಹಾಕಿದ್ರೆ ಹಿಡೀತಿದ್ರಲ್ಲ. ಪೋಲಿಷ್‌ನಲ್ಲಿ ರೆಸಿಸ್ಟರ್‌ಗೆ ಒಪೊರ್ನಿಕ್, ಪ್ರತಿರೋಧಕ್ಕೆ ಒಪೂರ್. ಹಳೇ ಫೋಟೋದಲ್ಲಿ ಕಾಲರ್ ಮೇಲೆ ಬಣ್ಣದ ಪಟ್ಟೆ ಇರೋ ಅಕ್ಕಿಕಾಳಿನಂಥದ್ದು ಕಂಡ್ರೆ ಅದೇ.

ಸಂಜೆಗಾಳಿ

ಇಷ್ಟೆಲ್ಲ ಪೋಲೆಂಡ್ ಕಥೆ ಯಾಕೆ, ನಮ್ಮ ತುರ್ತುಪರಿಸ್ಥಿತಿಯಲ್ಲೂ ಇದೇ ಆಯ್ತಲ್ಲ. ಬೆಂಗಳೂರು ಜೈಲಲ್ಲಿ ಸ್ನೇಹಲತಾ ರೆಡ್ಡಿ ಅವರನ್ನ ಇಟ್ಟಿದ್ದು ಮರೆತುಬಿಟ್ರಾ?

ನೇರನುಡಿ

ಯಾರೂ ಮರೆತಿಲ್ಲ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರ್ತೀನಿ. ಇಲ್ಲಿ ಒಬ್ಬ ಅಜ್ಜಿಯ ಡಬ್ಬಿ ಬಗ್ಗೆ ಕೇಳಿದ್ದಾರೆ, ಅದಕ್ಕೆ ಉತ್ತರ ಸಿಗಲಿ ಮೊದಲು.

ಈಗ ನನ್ನ ಇನ್ನೊಂದು ವಾದ. 82ರಲ್ಲೂ ಮುಖ ಕಾಣೋ ಫೋಟೋ ಇದೆ, ಅದೇ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. 1982ರ ಆಗಸ್ಟ್ 31, ಗ್ಡಾನ್ಸ್ಕ್ ಒಪ್ಪಂದಕ್ಕೆ ಎರಡು ವರ್ಷ ತುಂಬಿದ ದಿನ. ದೇಶದ ಎಷ್ಟೋ ಊರಲ್ಲಿ ಜನ ಬೀದಿಗೆ ಬಂದ್ರು. ಲೂಬಿನ್ ಅನ್ನೋ ತಾಮ್ರದ ಗಣಿಯ ಊರಲ್ಲಿ ಪೊಲೀಸರು ನೇರ ಗುಂಡು ಹಾರಿಸಿದ್ರು. ಮೂವರು ಸತ್ತರು. ಕ್ಷಿಶ್ತೊಫ್ ರಾಚ್ಕೊವ್ಯಾಕ್ ಅಲ್ಲಿದ್ರು. ಗುಂಡು ಬಿದ್ದ ಮಿಹಾವ್ ಅದಾಮೊವಿಚ್‌ನನ್ನ ಕೆಲವರು ಕೈಕಾಲು ಹಿಡಿದು ಎತ್ತಿಕೊಂಡು ಕ್ಯಾಮೆರಾ ಕಡೆಗೇ ಓಡಿ ಬರ್ತಿದ್ದಾರೆ. ಅವರ ಮುಖದಲ್ಲಿರೋ ಗಾಬರಿ ನೋಡಿದ್ರೆ ಸಾಕು. ಅದಾಮೊವಿಚ್ ಸೆಪ್ಟೆಂಬರ್ 5ಕ್ಕೆ ತೀರಿಕೊಂಡ.

ಆಮೇಲೆ ಅಧಿಕಾರಿಗಳು ಗೋಡೆಗಳ ಮೇಲಿದ್ದ ಗುಂಡಿನ ತೂತಿಗೆ ಗಾರೆ ಮೆತ್ತಿಸಿದ್ರು. ಗೋಡೆಗೆ ಗಾರೆ ಮೆತ್ತಬಹುದು, ಊರಾಚೆ ಹೋದ ನೆಗೆಟಿವ್‌ಗೆ ಏನು ಮಾಡೋಕಾಗುತ್ತೆ? ಬೆನ್ನು ತೆಗೆದಿದ್ರೆ ಆ ಫೋಟೋಗೆ ಈ ಶಕ್ತಿ ಬರ್ತಿತ್ತಾ ಹೇಳಿ.

ಚರಿತ್ರೆಮೇಡಂ

ಸಾಯ್ತಿರೋ ಮನುಷ್ಯನನ್ನ ಹೊತ್ತುಕೊಂಡು ಓಡೋರಿಗೆ 'ತಿರುಗಿ ನಿಲ್ಲಿ' ಅಂತ ಯಾರು ಹೇಳ್ತಾರೆ? ಅಲ್ಲಿ ಮುಚ್ಚಿಡೋದಕ್ಕಿಂತ ತೋರಿಸೋದು ಮುಖ್ಯ ಆಗಿತ್ತು. ಒಪ್ತೀನಿ. ಆದ್ರೆ ಒಂದು ಊರಿನ ಮೆರವಣಿಗೆಯಲ್ಲಿ, ನಾಳೆ ಬೆಳಿಗ್ಗೆ ಮತ್ತೆ ಅದೇ ಫ್ಯಾಕ್ಟರಿಗೆ ಹೋಗಬೇಕಾದ ಜನರ ಮಧ್ಯೆ, ಲೆಕ್ಕ ಬೇರೆ.

1970ರಲ್ಲಿ ಗ್ಡಿನ್ಯಾ ಅನ್ನೋ ಹಡಗುಕಟ್ಟೆಯ ಊರಲ್ಲಿ ಆದದ್ದು ಕೂಡ ಹಾಗೇ. ಡಿಸೆಂಬರ್ 17ರ ಬೆಳಗಿನ ಜಾವ. ಹಿಂದಿನ ಸಂಜೆ ಟೀವಿಯಲ್ಲಿ 'ಕೆಲಸಕ್ಕೆ ಬನ್ನಿ' ಅಂತ ಉಪಪ್ರಧಾನಿಯೇ ಕರೆದಿದ್ದ. ಬಂದವರ ಮೇಲೆ ರೈಲ್ವೆ ಸ್ಟೇಷನ್ ಹತ್ತಿರ ಗುಂಡು. ಸತ್ತ ಹುಡುಗನೊಬ್ಬನನ್ನ ಬಾಗಿಲ ಹಲಗೆ ಮೇಲೆ ಮಲಗಿಸಿ ಜನ ಊರೆಲ್ಲ ಹೊತ್ತು ನಡೆದ್ರು. ಫೋಟೋ ಇದೆ. ಅವನ ಮೇಲೆ ಹಾಡು ಕಟ್ಟಿದವರಿಗೆ ಹುಡುಗನ ಹೆಸರೇ ಗೊತ್ತಿರಲಿಲ್ಲ, ಬೇರೆ ಯಾವುದೋ ಹೆಸರಿಟ್ಟು ಹಾಡಿದ್ರು. ನಿಜವಾದ ಹೆಸರು ಜ್ಬಿಗ್ನಿಯೆಫ್ ಗೊದ್ಲೆಫ್ಸ್ಕಿ, 18 ವರ್ಷ. ಫೋಟೋ ಮೊದಲು ಬಂತು, ಹೆಸರು ಎಷ್ಟೋ ತಡವಾಗಿ ಬಂತು.

ಹುಬ್ಬಳ್ಳಿಹೈದ

ಹದಿನೆಂಟು ವರ್ಷ. ನನ್ನ ತಮ್ಮನ ವಯಸ್ಸು.

ಮಾವಿನತೋಪು

ಫೋಟೋ ಇದ್ದೂ ಯಾರಿಗೂ ಗೊತ್ತಾಗದೇ ಇದ್ದದ್ದೂ ಇದೆ. 1968ರ ಸೆಪ್ಟೆಂಬರ್ 8, ವಾರ್ಸಾದ ಸ್ಟೇಡಿಯಂನಲ್ಲಿ ಸರ್ಕಾರಿ ಸುಗ್ಗಿ ಹಬ್ಬ. ಸುಮಾರು 1,00,000 ಜನ ಕೂತಿದ್ರು. ರಿಷಾರ್ದ್ ಶಿವ್ಯೆತ್ಸ್ ಅನ್ನೋರು ಜೆಕೊಸ್ಲೊವಾಕಿಯಾಕ್ಕೆ ಸೈನ್ಯ ನುಗ್ಗಿಸಿದ್ದನ್ನ ವಿರೋಧಿಸಿ ಮೈಗೆ ಬೆಂಕಿ ಹಚ್ಚಿಕೊಂಡ್ರು. ಐದು ಮಕ್ಕಳ ತಂದೆ. ಹಬ್ಬದ ಕುಣಿತ ನಿಲ್ಲಲಿಲ್ಲ, ಪೇಪರಲ್ಲಿ ಒಂದಕ್ಷರ ಬರಲಿಲ್ಲ. ಚಲನಚಿತ್ರ ಕ್ಯಾಮೆರಾದಲ್ಲಿ ಏಳು ಸೆಕೆಂಡಿನ ತುಣುಕು ಸಿಕ್ಕಿತ್ತು, ಅದೂ ಕತ್ತಲಲ್ಲೇ ಉಳೀತು. ನಾಲ್ಕು ತಿಂಗಳಾದ್ಮೇಲೆ ಪ್ರಾಗ್‌ನಲ್ಲಿ ಯಾನ್ ಪಲಾಖ್ ಹಾಗೇ ಮಾಡಿಕೊಂಡಾಗ ಲೋಕಕ್ಕೆಲ್ಲ ಗೊತ್ತಾಯ್ತು. ಶಿವ್ಯೆತ್ಸ್ ಹೆಸರು ಅವರ ದೇಶದವರಿಗೇ ಗೊತ್ತಿರಲಿಲ್ಲ.

ಮಲ್ಲಿಗೆಮೊಗ್ಗು

ಲಕ್ಷ ಜನರ ಎದುರಿಗೆ! ಓದಿ ಸುಮ್ಮನೆ ಕೂತುಬಿಟ್ಟೆ.

ಓಡ್ರಾದಂಡೆ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ವಿಷಯ ಬರುತ್ತೆ ಅಂದುಕೊಂಡಿರಲಿಲ್ಲ. ಲೂಬಿನ್ ಇಲ್ಲಿಂದ ಒಂದು ಗಂಟೆ ದಾರಿ, ಎಷ್ಟೋ ಸಲ ಆ ಕಡೆ ಹೋಗಿದ್ದೀನಿ. ಅದೇ ಆಗಸ್ಟ್ 31ಕ್ಕೆ ನಮ್ಮ ವ್ರೊತ್ಸ್ವಾಫ್‌ನಲ್ಲೂ ದೊಡ್ಡ ಗಲಾಟೆ ಆಗಿತ್ತು, ಇಲ್ಲೂ ಒಬ್ಬರು ಸತ್ತರು ಅಂತ ಈಗ ಗೊತ್ತಾಯ್ತು. ನೆಗೆಟಿವ್‌ನಲ್ಲಿ ಮರಗಳ ತುಂಬ ಎಲೆ ಇದೆ, ಬೇಸಿಗೆದೇ.

ನನ್ನ ಮಗಳು ಇಲ್ಲಿನ ಬೀದಿ ಬೀದಿಯಲ್ಲಿರೋ ಕಂಚಿನ ಕುಳ್ಳರ ಬೊಂಬೆ ಜೊತೆ ಫೋಟೋ ತೆಗೆಸಿಕೊಳ್ತಾಳೆ. ಅದಕ್ಕೂ ಈ ಹೋರಾಟಕ್ಕೂ ಸಂಬಂಧ ಇದೆ ಅಂತಾರಲ್ಲ, ನಿಜಾನಾ?

ಗ್ಡಾನ್ಸ್ಕ್‌ವಾಸಿ

ನಿಜ. ಗೋಡೆ ಮೇಲೆ ಜನ ಘೋಷಣೆ ಬರೀತಿದ್ರು, ಪೊಲೀಸರು ಅದರ ಮೇಲೆ ಸುಣ್ಣ ಬಣ್ಣ ಬಳೀತಿದ್ರು. ಊರ ತುಂಬ ಬಣ್ಣದ ತೇಪೆ. ವಾಲ್ದೆಮಾರ್ ಫಿದ್ರಿಖ್ ಅನ್ನೋರು 1982ರ ಆಗಸ್ಟ್ ಕೊನೆಗೆ ಆ ತೇಪೆಗಳ ಮೇಲೆ ಕುಳ್ಳರ ಚಿತ್ರ ಬಿಡಿಸೋಕೆ ಶುರು ಮಾಡಿದ್ರು. ಅವರ ಗುಂಪಿನ ಹೆಸರು ಕಿತ್ತಳೆ ಪರ್ಯಾಯ. 1988ರ ಜೂನ್ 1ರಂದು ಸಾವಿರಾರು ಜನ ಕುಳ್ಳರ ಕೆಂಪು ಟೋಪಿ ಹಾಕಿಕೊಂಡು ನಿಮ್ಮೂರ ಶ್ವಿದ್ನಿತ್ಸ್ಕಾ ರಸ್ತೇಲಿ ಮೆರವಣಿಗೆ ಹೋದ್ರು. ಟೋಪಿ ಹಾಕಿದ ತಪ್ಪಿಗೆ ಪೊಲೀಸರು ಜನರನ್ನ ವ್ಯಾನಿಗೆ ಹತ್ತಿಸ್ತಾ ಇರೋ ಫೋಟೋಗಳಿವೆ. ಆ ಫೋಟೋಗಳಲ್ಲಿ ನೋಡಿ, ಜನ ಮುಖ ಮುಚ್ಚಿಕೊಂಡಿಲ್ಲ. ಹೆದರಿಕೆ ಹೋಗಿತ್ತು.

ನಿಮ್ಮೂರಲ್ಲೇ ದೆಮೆಂತಿ ಅನ್ನೋ ಗುಪ್ತ ಫೋಟೋ ಸಂಸ್ಥೆ ಇತ್ತು, 1982ರಲ್ಲಿ ಹುಟ್ಟಿದ್ದು. ದೆಮೆಂತಿ ಅಂದ್ರೆ 'ಆ ಹೇಳಿಕೆ ಸುಳ್ಳು' ಅನ್ನೋ ಅಧಿಕೃತ ನಿರಾಕರಣೆ. ಸರ್ಕಾರ 'ಏನೂ ನಡೆದಿಲ್ಲ' ಅಂದ್ರೆ ಇವರು ಫೋಟೋ ಪ್ರಿಂಟ್ ಹಾಕಿ ಕೈಯಿಂದ ಕೈಗೆ ಹಂಚ್ತಿದ್ರು. ನಿಮ್ಮ ಡಬ್ಬಿಯಲ್ಲಿರೋ ಅಂಗೈಯಗಲದ ಪ್ರಿಂಟು ನೋಡಿದ್ರೆ ನನಗೆ ಅಂಥದ್ದೇ ಅನಿಸುತ್ತೆ, ಜೇಬಿಗೆ ಹಿಡಿಯೋ ಸೈಜು.

ಹುಬ್ಬಳ್ಳಿಹೈದ

ನನಗ 1989ರ ಚುನಾವಣೆ ಫೋಟೋ ಭಾಳ ಸೇರ್ತಾವ. ಸಾಲಿಡಾರಿಟಿ ಅಭ್ಯರ್ಥಿಗಳನ್ನೆಲ್ಲ ಕರಿಸಿ ಒಬ್ಬೊಬ್ಬರನ್ನ ವವೆನ್ಸಾ ಪಕ್ಕಕ್ಕ ನಿಲ್ಲಿಸಿ ಫೋಟೋ ತಗದು ಪೋಸ್ಟರ್ ಮಾಡಿದ್ರು. ಜನಕ್ಕ ಅಭ್ಯರ್ಥಿ ಯಾರಂತ ಗೊತ್ತಿಲ್ಲ, ಟೀವಿ ಸರ್ಕಾರದ್ದು, ಹಂಗಾಗಿ ಪಕ್ಕಕ್ಕ ವವೆನ್ಸಾ ಅದಾನ ಅಂದ್ರ ನಮ್ಮವ ಅಂತ ತಿಳೀತಿತ್ತು. ಜೂನ್ 4ಕ್ಕ ಶುರುವಾದ ಆ ಚುನಾವಣೆಯೊಳಗ ಕೆಳಮನೆಯಲ್ಲಿ ಅವರಿಗೆ ಸ್ಪರ್ಧೆ ಮಾಡಾಕ ಬಿಟ್ಟಿದ್ದ 161ಕ್ಕ 161 ಗೆದ್ರು, ಮೇಲ್ಮನೆಯೊಳಗ 100ಕ್ಕ 99. ಏಳು ವರ್ಷದ ಹಿಂದ ಮುಖ ಮುಚ್ಚಿಟ್ಟ ಮಂದಿ ಈಗ ಗೋಡಿ ಗೋಡಿ ಮ್ಯಾಲೆ ಮುಖ ಹಚ್ಚಿದ್ರು.

ನೇರನುಡಿ

ಅಜ್ಜಿ ಏನಂದ್ರು ಅಂತ ಕೇಳಿದ್ರಾ? ಒಂದು ಮಾತು. ಅವರ ಒಪ್ಪಿಗೆ ಇಲ್ಲದೆ ಒಂದು ಫ್ರೇಮನ್ನೂ ಇಲ್ಲಿ ಹಾಕಬೇಡಿ. ಫೋಟೋದಲ್ಲಿರೋರು ಇನ್ನೂ ಬದುಕಿರಬಹುದು.

ಪಿಕ್ಸೆಲ್‌ಪ್ರಿಯ

ಸ್ಕ್ಯಾನ್ ಮಾಡುವಾಗ ಹತ್ತಿಯ ಕೈಗವಸು ಹಾಕಿ. ಧೂಳನ್ನ ಒರೆಸಬೇಡಿ, ಬ್ಲೋಅರ್‌ನಲ್ಲಿ ಊದಿ. ಬಾಯಲ್ಲಿ ಊದಬೇಡಿ. ಹುಳಿ ವಾಸನೆ ಬಂದ್ರೆ ಬೇರೆ ಪಟ್ಟಿಗಳಿಂದ ದೂರ ಇಡಿ, ಫಿಲಂ ಕೊಳೀತಾ ಇದೆ ಅಂತ ಅರ್ಥ.

ಗ್ಡಾನ್ಸ್ಕ್‌ವಾಸಿ

ಕೊಡೋದಾದ್ರೆ ವಾರ್ಸಾದಲ್ಲಿ ಕಾರ್ತಾ ಕೇಂದ್ರ ಇದೆ, ಅವರ ಹತ್ತಿರ ಆ ಕಾಲದ ಫೋಟೋಗಳ ದೊಡ್ಡ ಸಂಗ್ರಹವೇ ಇದೆ. ಅಷ್ಟು ದೂರ ಯಾಕೆ, ನಿಮ್ಮೂರಲ್ಲೇ ಗ್ರಾಬಿಶಿನ್ಸ್ಕಾ ರಸ್ತೆಯ ಹಳೇ ಬಸ್ ಡಿಪೋ ಈಗ ಜಯೆಜ್ದ್‌ನ್ಯಾ ಅನ್ನೋ ಇತಿಹಾಸ ಕೇಂದ್ರ ಆಗಿದೆ. 1980ರ ಆಗಸ್ಟ್ 26ಕ್ಕೆ ವ್ರೊತ್ಸ್ವಾಫ್ ಮುಷ್ಕರ ಶುರುವಾದದ್ದು ಅದೇ ಡಿಪೋದಲ್ಲಿ.

ಓಡ್ರಾದಂಡೆ

ಎರಡು ವಾರ ಆದ್ಮೇಲೆ ಬರೀತಿದ್ದೀನಿ, ಕ್ಷಮಿಸಿ.

ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪ್ ತಗೊಂಡು ಬಾಬ್ಚಾ ಮನೆಗೆ ಹೋದೆ. ಚಹಾ ಮಾಡಿಕೊಟ್ಟು ಪಕ್ಕ ಕೂತ್ರು. ಮೊದಲನೇ ಫ್ರೇಮು ತೆಗೆದ ತಕ್ಷಣ ಪರದೆ ಮೇಲೆ ಬೆರಳಿಟ್ರು. ಬೂದು ಕೋಟಿನ ಒಂದು ಬೆನ್ನು. "ಈ ಕೋಟಿನ ಕಾಲರು ನಾನೇ ಬಿಚ್ಚಿ ತಿರುಗಿಸಿ ಹೊಲಿದದ್ದು. ಇವನು ನನ್ನ ತಮ್ಮ." ಇನ್ನೊಂದು ಬೆನ್ನು, "ಇವಳು ಎದುರು ಮನೆಯವಳು, ಯಾವಾಗಲೂ ಎಡ ಭುಜಕ್ಕೇ ಚೀಲ ಹಾಕೋಳು." ಹೀಗೇ ಒಬ್ಬೊಬ್ಬರನ್ನ ಹೇಳ್ತಾ ಹೋದ್ರು. ಒಂದು ಬೆನ್ನು ಬಂದಾಗ ಸುಮ್ಮನಾದ್ರು. ನಾನು ಮುಂದಿನದಕ್ಕೆ ಹೋಗಲಿಲ್ಲ, ಅವರೇ ತಲೆ ಆಡಿಸಿದ ಮೇಲೆ ಹೋದೆ.

ನನ್ನ ಪ್ರಶ್ನೆ ಕೇಳಿದೆ. ಯಜಮಾನರು ಕ್ಯಾಮೆರಾ ತೆಗೆಯೋ ಮುಂಚೆ ಜೋರಾಗಿ ಎರಡು ಸಲ ಕೆಮ್ಮುತ್ತಿದ್ರಂತೆ. ಗೊತ್ತಿದ್ದವರು ತಿರುಗಿಕೊಳ್ತಿದ್ರು. ಹಳೇಸ್ಟುಡಿಯೋ ಸರ್, ನೀವು ಹೇಳಿದ್ದು ಸರಿ. ತೊಳೀತಿದ್ದದ್ದು ಇವರೇ. ಭಾನುವಾರ ಬಟ್ಟೆ ಒಗೆಯೋ ನೆಪದಲ್ಲಿ ನಲ್ಲಿ ಬಿಟ್ಟು, ಬಟ್ಟೆ ಜೊತೆಗೇ ಫಿಲಂ ತೊಳೀತಿದ್ರಂತೆ.

ಡಿಪೋ ಕೇಂದ್ರಕ್ಕೆ ನಾವಿಬ್ಬರೂ ಹೋಗಿ ಎಂಟು ಪಟ್ಟಿ ಕೊಟ್ಟು ಬಂದ್ವಿ. ಹೆಸರುಗಳನ್ನ ಅಜ್ಜಿನೇ ಹೇಳಿ ಬರೆಸಿದ್ರು. ಒಂಬತ್ತನೇದು ಕೊಡಲಿಲ್ಲ. ಅದರ ಕೊನೇ ಫ್ರೇಮಿನಲ್ಲಿ ಒಂದು ಮುಖ ಇದೆ, ಅಡುಗೆಮನೆ ಕಿಟಕಿ ಹತ್ತಿರ ನಿಂತ ಮೂವತ್ತೆಂಟರ ಆಸುಪಾಸಿನ ಹೆಂಗಸು, ಒದ್ದೆ ಕೈ ಒರೆಸಿಕೊಳ್ತಾ ನಗ್ತಿದ್ದಾರೆ. ಕಾಲರ್ ಮೇಲೆ ಅಕ್ಕಿಕಾಳಿನಂಥದ್ದು ಏನೋ ಇದೆ. ಇದರ ಪ್ರಿಂಟು ಯಾವತ್ತೂ ಹಾಕಲೇ ಇಲ್ಲ ಅಂದ್ರು.

ಹಳೇಸ್ಟುಡಿಯೋ

ಸ್ಕ್ಯಾನ್ ಕೊಟ್ಟು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಬೇಡಿ. ಊರಿಗೆ ಬರುವಾಗ ಅಜ್ಜಿ ಒಪ್ಪಿದ್ರೆ ಆ ಪಟ್ಟಿ ತನ್ನಿ. ಎನ್‌ಲಾರ್ಜರ್ ಇನ್ನೂ ಇಟ್ಟಿದ್ದೀನಿ, ಪೇಪರ್ ಮೈಸೂರಿನಿಂದ ತರಿಸ್ತೀನಿ. ಅವರ ಎದುರಿಗೆ ಇಡೋ ಸೈಜು ಎಷ್ಟು ಬೇಕು ಅಂತ ಕೇಳಿ ತಿಳಿಸಿ.